16 ಕೋರ್ ಸರ್ವರ್ ನಮ್ಮೂರ ಅಂಗಡಿಗೆ ಬೇಕಾ? ಸಹಿ ಹಾಕೋ ಮುಂಚೆ ಈ ಲೆಕ್ಕ ನೋಡಿ

ಎನ್.ಆರ್.ಪುರ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋ ನಿಯಮ ಬೇಕರಿ, ಟೀ ಅಂಗಡಿಯವರ ಬಾಯಲ್ಲೂ ಬಂತು. ಆ ಗಲಾಟೆ ತಣ್ಣಗಾಯ್ತು, ಭಯ ಮಾತ್ರ ಉಳೀತು. ಆ ಭಯದ ಹಿಂದೆಯೇ ಈಗ ಬಿಲ್ಲಿಂಗ್ ಸಾಫ್ಟ್‌ವೇರ್, ಬಿಸಿನೆಸ್ ಅನಾಲಿಟಿಕ್ಸ್, ಸರ್ವರ್ ಅಂತ ಕೊಟೇಶನ್ ಹಿಡಿದು ಬರೋರು ಶುರುವಾಗಿದ್ದಾರೆ.

ಪೇಟೆಯ ಹೋಲ್‌ಸೇಲ್ ಅಂಗಡಿಯವರೊಬ್ಬರು ಅಂಥದ್ದೊಂದು ಕೊಟೇಶನ್ ನನ್ನ ಕೈಗೆ ಕೊಟ್ಟು, "ನೀನು ಪೇಪರ್‌ನೋನಲ್ವಾ ಮಾರಾಯ, ಇದೇನು ನೋಡು" ಅಂದ್ರು. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟೋನು, ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಆದ್ರೂ ಕೂತು ಓದಿದೆ. ದೊಡ್ಡ ಅಕ್ಷರದಲ್ಲಿ '16 ಕೋರ್ ಪ್ರೊಸೆಸರ್'. ಕೆಳಗೆ ಸಣ್ಣ ಅಕ್ಷರದಲ್ಲಿ 'ಡೇಟಾಬೇಸ್ ಲೈಸೆನ್ಸ್ ಪ್ರತ್ಯೇಕ'. ಇಡೀ ವಿಷಯ ಇರೋದು ಆ ಸಣ್ಣ ಅಕ್ಷರದಲ್ಲೇ.

ಕೋರ್ ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಹೇಳೋದು ಕಷ್ಟ ಇಲ್ಲ. ಅಡಿಕೆ ಸುಗ್ಗಿ ನೆನಪು ಮಾಡ್ಕೊಳ್ಳಿ. ಸುಲಿಯೋಕೆ ನಾಲ್ಕು ಜನ ಕೂತ್ರೆ ಒಂದು ಹೊತ್ತಾಗುತ್ತೆ, ಹದಿನಾರು ಜನ ಕೂತ್ರೆ ಬೇಗ ಮುಗಿಯುತ್ತೆ. ಆದ್ರೆ ಸುಲಿದ ಅಡಿಕೆ ಹಂಡೆಗೆ ಬಿದ್ದ ಮೇಲೆ? ಸುತ್ತ ನಲವತ್ತು ಜನ ನಿಂತ್ರೂ ಬೇಯೋವಷ್ಟು ಹೊತ್ತು ಬೇಯಲೇಬೇಕು. ಅಲ್ಲಿ ಬೇಕಾಗಿರೋದು ಜನ ಅಲ್ಲ, ಜೋರು ಬೆಂಕಿ. ಪ್ರೊಸೆಸರ್‌ನಲ್ಲಿ ಕೋರ್ ಸಂಖ್ಯೆ ಅಂದ್ರೆ ಸುಲಿಯೋ ಜನ, ಗಿಗಾಹರ್ಟ್ಸ್ ಅಂದ್ರೆ ಬೆಂಕಿ.

ಅನಾಲಿಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಎರಡೂ ಕೆಲಸ ಇದೆ. ಮೈಕ್ರೋಸಾಫ್ಟ್‌ನ ಪವರ್ ಬಿಐ ಒಳಗಿನ ಇಂಜಿನ್‌ನಲ್ಲೇ ಎರಡು ಭಾಗ ಇದೆ. ಡೇಟಾ ಜಾಲಾಡೋ ಭಾಗ ಹಲವು ಕೋರ್ ಬಳಸುತ್ತೆ. ಸೂತ್ರದ ಲೆಕ್ಕ ಹಾಕೋ ಭಾಗ ಒಂದು ಪ್ರಶ್ನೆಗೆ ಒಂದೇ ಕೋರ್ ಮೇಲೆ ಓಡುತ್ತೆ. ದೊಡ್ಡ ಡೇಟಾ ಸೆಂಟರ್‌ಗೆ ಮಾಡಿರೋ ಎಎಂಡಿ ಎಪಿಕ್ 9965ರಲ್ಲಿ 192 ಕೋರ್ ಇದೆ, ಆದ್ರೆ ಗರಿಷ್ಠ ವೇಗ 3.7 ಗಿಗಾಹರ್ಟ್ಸ್. ಸಣ್ಣ ಸರ್ವರ್‌ಗೆ ಅಂತಲೇ 2024ರ ಮೇನಲ್ಲಿ ಬಂದ ಅದೇ ಕಂಪನಿಯ ಎಪಿಕ್ 4364ಪಿ ಅನ್ನೋದು 8 ಕೋರ್‌ನದ್ದು, 5.4 ಗಿಗಾಹರ್ಟ್ಸ್ ತನಕ ಹೋಗುತ್ತೆ. ನಾಲ್ಕೈದು ಜನ ಕೂತು ರಿಪೋರ್ಟ್ ತೆಗೆಯೋ ಕಡೆ ಈ ಚಿಕ್ಕದೇ ಚುರುಕು.

ಈಗ ದುಡ್ಡಿನ ಮಾತು. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ 2022 ಸ್ಟ್ಯಾಂಡರ್ಡ್ ಅನ್ನು ಕೋರ್ ಲೆಕ್ಕದಲ್ಲಿ ತಗೊಂಡ್ರೆ ಎರಡು ಕೋರ್‌ನ ಒಂದು ಪ್ಯಾಕ್‌ಗೆ ಪಟ್ಟಿ ದರ 3,945 ಡಾಲರ್. ಕನಿಷ್ಠ ನಾಲ್ಕು ಕೋರ್‌ಗೆ ಕಟ್ಟಲೇಬೇಕು. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದ್ರೂ ನಾಲ್ಕು ಕೋರ್‌ಗೆ ಸುಮಾರು 6.7 ಲಕ್ಷ. ಹದಿನಾರು ಕೋರ್‌ಗೆ 26.8 ಲಕ್ಷ! ಡಬ್ಬದ ಬೆಲೆ ಇದರ ಮುಂದೆ ಏನೂ ಅಲ್ಲ. ಅದೇ ಸಾಫ್ಟ್‌ವೇರ್ ಅನ್ನು ಸರ್ವರ್‌ಗೊಂದು, ಬಳಸೋ ಜನಕ್ಕೊಂದು ಅನ್ನೋ ಲೈಸೆನ್ಸ್‌ನಲ್ಲಿ ತಗೋಬಹುದು. ಸರ್ವರ್‌ಗೆ 989, ತಲೆಗೆ 230 ಡಾಲರ್. ಐದು ಜನ ಇದ್ರೆ ಒಟ್ಟು 1.8 ಲಕ್ಷದ ಆಸುಪಾಸು, ಕೋರ್ ಎಷ್ಟೇ ಇರಲಿ. ಈ ಎರಡನೇ ದಾರಿಯನ್ನ ಕೊಟೇಶನ್ ತಂದೋರು ತಾವಾಗಿ ಹೇಳ್ತಾರೆ ಅಂತ ಕಾಯಬೇಡಿ.

ಉಚಿತವಾಗಿ ಸಿಗೋ ಎಕ್ಸ್‌ಪ್ರೆಸ್ ಆವೃತ್ತಿ ಹಾಕಿ ಕೊಡ್ತೀವಿ ಅಂದ್ರೆ ಇನ್ನೊಂದು ತಮಾಷೆ. 2022ರ ಎಕ್ಸ್‌ಪ್ರೆಸ್ ಹೆಚ್ಚೆಂದರೆ ನಾಲ್ಕು ಕೋರ್ ಮಾತ್ರ ಬಳಸುತ್ತೆ. ಹದಿನಾರು ಜನರನ್ನ ಸುಲಿಯೋಕೆ ಕರೆಸಿ ನಾಲ್ಕೇ ಮೆಟ್ಟುಗತ್ತಿ ಇಟ್ಟ ಹಾಗೆ. ಉಳಿದ ಹನ್ನೆರಡು ಜನ ಎಲೆ ಅಡಿಕೆ ಹಾಕ್ಕೊಂಡು ಕೂತಿರ್ತಾರೆ, ಕೂಲಿ ನಿಮ್ಮದು.

ಅದರಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ ಇದೆ, ಸಾಲುತ್ತಾ ಅಂತ ಅಂಗಡಿಯವರು ಕೇಳಿದ್ರು. ಅಲ್ಲೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದ್ವಿ. ದಿನಕ್ಕೆ 300 ಬಿಲ್, ಬಿಲ್‌ಗೆ 10 ಐಟಂ, ವರ್ಷಕ್ಕೆ 350 ದಿನ ಅಂದ್ರೆ ಹತ್ತೂವರೆ ಲಕ್ಷ ಸಾಲು. ಒಂದು ಸಾಲಿಗೆ 300 ಬೈಟ್ ಹಿಡಿದ್ರೆ ವರ್ಷಕ್ಕೆ 300 ಎಂಬಿ ಚಿಲ್ಲರೆ. ಇಂಡೆಕ್ಸ್ ಎಲ್ಲ ಸೇರಿ ಡಬಲ್ ಆದ್ರೂ ಹತ್ತು ವರ್ಷದ ವ್ಯಾಪಾರ ಆರೇಳು ಜಿಬಿ ಒಳಗೆ. ಅವರ ಮಗನ ಫೋನ್‌ನಲ್ಲಿರೋ ವಿಡಿಯೋ ಅದಕ್ಕಿಂತ ಜಾಸ್ತಿ ಇತ್ತು.

ಟ್ಯಾಲಿ ಇಟ್ಟಿರೋರಿಗಂತೂ ಈ ಕೋರ್ ಲೈಸೆನ್ಸ್ ತಲೆನೋವೇ ಇಲ್ಲ. ಟ್ಯಾಲಿಪ್ರೈಮ್ ಗೋಲ್ಡ್ ಒಂದೇ ಲ್ಯಾನ್‌ನಲ್ಲಿ ಎಷ್ಟು ಜನ ಬೇಕಾದ್ರೂ ಬಳಸಬಹುದು. ಪವರ್ ಬಿಐ ಡೆಸ್ಕ್‌ಟಾಪ್ ಉಚಿತ. ಅದು ಡೇಟಾವನ್ನ ರ‍್ಯಾಮ್‌ಗೆ ಎಳೆದು ಕೆಲಸ ಮಾಡೋದ್ರಿಂದ ಕೋರ್‌ಗೆ ಸುರಿಯೋ ದುಡ್ಡನ್ನ ರ‍್ಯಾಮ್‌ಗೆ, ಎಸ್‌ಎಸ್‌ಡಿಗೆ ಹಾಕಿದ್ರೆ ಕಣ್ಣಿಗೆ ಕಾಣೋ ವ್ಯತ್ಯಾಸ ಸಿಗುತ್ತೆ. ಕೊಪ್ಪ, ಬಾಳೆಹೊನ್ನೂರಲ್ಲಿ ಬ್ರಾಂಚ್ ಇಟ್ಟು ಎಲ್ಲ ಒಂದೇ ಕಡೆ ನೋಡ್ತೀನಿ ಅನ್ನೋರಿಗೆ ಸರ್ವರ್ ಬೇಕಾಗಬಹುದು. ಅವರಿಗೂ ಇಂಟೆಲ್ ಜಿಯಾನ್ ಇ-2400 ಸಾಲಿನ 4ರಿಂದ 8 ಕೋರ್‌ನವು ಅಥವಾ ಎಪಿಕ್ 4004 ಸಾಲಿನ ಚಿಕ್ಕವು ಸಾಕು ಅಂತ ನನ್ನ ಅಭಿಪ್ರಾಯ. ಎರಡರಲ್ಲೂ ತಪ್ಪು ತಾನೇ ಸರಿಮಾಡಿಕೊಳ್ಳೋ ಇಸಿಸಿ ಮೆಮೊರಿ ಹಾಕಬಹುದು. ಲೆಕ್ಕದ ಕೆಲಸಕ್ಕೆ ಅದು ಬೇಕು.

ಮಳೆಗಾಲದ ಮಾತು ಬೇರೆ. ಲೈನ್ ಮೇಲೆ ಮರ ಬಿದ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಮೆಸ್ಕಾಂನವರೂ ಹೇಳೋಕಾಗಲ್ಲ. ಎಪಿಕ್ 9965 ಥರದ್ದು ಪ್ರೊಸೆಸರ್ ಒಂದೇ 500 ವ್ಯಾಟ್, ಯುಪಿಎಸ್ ಎಷ್ಟು ಹೊತ್ತು ಎಳೆದೀತು? ಸಣ್ಣ ಎಪಿಕ್‌ಗಳಲ್ಲಿ 65 ವ್ಯಾಟ್‌ನವೂ ಇವೆ. ಒಳ್ಳೆ ಯುಪಿಎಸ್, ಸರಿಯಾದ ಅರ್ಥಿಂಗ್, ಮನೆಯಲ್ಲೊಂದು ಬ್ಯಾಕಪ್ ಡಿಸ್ಕ್. ಕೊಟೇಶನ್‌ನಲ್ಲಿ ಈ ಮೂರಕ್ಕೂ ಒಂದು ಸಾಲೂ ಇರಲಿಲ್ಲ.

ಸಹಕಾರ ಸಂಘಗಳ ಸದಸ್ಯರೂ ಇದನ್ನ ಗಮನಿಸಬೇಕು, ಅಲ್ಲಿ ಖರ್ಚಾಗೋದು ನಮ್ಮ ಷೇರಿನ ದುಡ್ಡು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿಯ ಯೋಜನೆ ಒಪ್ಪಿದೆ. ಅದರ ಸಾಫ್ಟ್‌ವೇರ್ ಇರೋದು ಕ್ಲೌಡ್‌ನಲ್ಲಿ, ಸಂಘದ ಕೋಣೆಯಲ್ಲಲ್ಲ. ಈ ಯೋಜನೆಗೆ ಸೇರಿದ ಸಂಘ ಅದರ ಮೇಲೂ ದೊಡ್ಡ ಸರ್ವರ್ ತರ್ತೀವಿ ಅಂದ್ರೆ, ಯಾವ ಕೆಲಸಕ್ಕೆ ಅಂತ ಮಹಾಸಭೆಯಲ್ಲಿ ಎದ್ದು ಕೇಳಿ.

ನಮ್ಮ ಹೋಲ್‌ಸೇಲ್ ಅಂಗಡಿಯವರು ಇನ್ನೂ ಸಹಿ ಹಾಕಿಲ್ಲ. ಲೈಸೆನ್ಸ್ ಕೋರ್ ಲೆಕ್ಕವೋ ತಲೆ ಲೆಕ್ಕವೋ, ಸಾಫ್ಟ್‌ವೇರ್ ನಿಜವಾಗಿ ಎಷ್ಟು ಕೋರ್ ಬಳಸುತ್ತೆ, ಕೆಟ್ಟರೆ ಎಷ್ಟು ದಿನದಲ್ಲಿ ಇಲ್ಲಿಗೇ ಬಂದು ರಿಪೇರಿ ಮಾಡ್ತೀರಿ, ಇವನ್ನ ಬರೆದು ಕೊಡಿ ಅಂತ ವಾಟ್ಸಾಪ್ ಹಾಕಿದ್ದಾರೆ. ನೀಲಿ ಟಿಕ್ ಬಂದು ನಾಲ್ಕು ದಿನ ಆಯ್ತು.