ಅರ್ಜಿ ಕೊಟ್ಟ ದಿನದಿಂದಲೇ ಎಣಿಸಿ
ಈ ವಾರ ರಾಣೆಬೆನ್ನೂರಿನ ಕೋರ್ಟ್ ಹೊರಗೆ ಗಂಡನಿಂದ ಜೀವನಾಂಶ ಕೇಳಿ ಬಂದ ಒಬ್ಬಾಕೆ ವಕೀಲರ ಮುಂದೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಮಗಳ ಶಾಲೆಯ ಫೀ ರಸೀದಿ ಹರವಿಕೊಂಡು ಕೇಳುತ್ತಿದ್ದರು: "ರೊಕ್ಕ ಯಾವತ್ತಿನಿಂದ ಕೊಡಸ್ತಾರ್ರೀ ಸರ?" ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಆಗಲಿ, 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಲಿ, ಆದೇಶದ ದಿನ ಇಲ್ಲವೇ ಅರ್ಜಿಯ ದಿನ ಎಂದು ಎರಡಕ್ಕೂ ಅವಕಾಶ ಬಿಟ್ಟಿವೆ. ಅರ್ಜಿಯ ದಿನದಿಂದಲೇ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ ರಜನೇಶ್–ನೇಹಾ ಪ್ರಕರಣದಲ್ಲಿ ಹೇಳಿದ್ದು 2020ರ ನವೆಂಬರ್ 4ರಂದು. ಆದರೂ "ಹಿಂದಿನ ಬಾಕಿ ಒಮ್ಮೆಲೇ ಎಲ್ಲಿಂದ ತರಲಿ" ಎಂಬ ಗಂಡಂದಿರ ಗೋಳು ನಿಂತಿಲ್ಲ. ಬ್ಯಾಡಗಿಯ ದಲಾಲರ ಹತ್ತಿರ ಮುಂಗಡ ತಂದ ರೈತನಿಗೆ ಬಡ್ಡಿ ಹತ್ತುವುದು ರೊಕ್ಕ ಎಣಿಸಿಕೊಂಡ ದಿನದಿಂದ; ಮೆಣಸಿನಕಾಯಿ ಚೀಲ ಇಳಿಸಿ ಲೆಕ್ಕ ಚುಕ್ತಾ ಮಾಡುವ ದಿನದಿಂದಲ್ಲ. ಕೂಸಿನ ಹಾಲಿನ ಲೆಕ್ಕಕ್ಕೆ ಮಾತ್ರ ಬೇರೆ ಪಂಚಾಂಗವೇ? ಆದೇಶದ ದಿನದಿಂದ ಎಂದರೆ ವಾಯಿದೆ ಎಳೆದವನಿಗೇ ಲಾಭ, ಪ್ರತಿ ಮುಂದೂಡಿಕೆಯೂ ಅವನ ಕಿಸೆಗೆ ಉಳಿತಾಯ. ನನ್ನ ಪ್ರಕಾರ ಅರ್ಜಿಯ ದಿನವೂ ತಡವೇ. ಹಾವೇರಿ ಸೀಮೆಯ ಹೆಣ್ಣುಮಕ್ಕಳು ಹಿರಿಯರ ಪಂಚಾಯ್ತಿ, ರಾಜಿ ಮಾತು ಎಲ್ಲ ಮುಗಿದ ಮೇಲಷ್ಟೇ ಕೋರ್ಟ್ ಮೆಟ್ಟಿಲು ಹತ್ತುತ್ತಾರೆ. ಅಲ್ಲಿಯ ತನಕದ ಜೋಳದ ಖರ್ಚು ತವರಿನ ಅಣ್ಣನ ಹೆಸರಿಗೇ ಬೀಳುತ್ತದೆ, ಅದನ್ನು ಕೊಡಿಸುವ ಕಲಂ ಎಲ್ಲಿದೆ?