ಚಾಲನೆಯ ವೇಳೆ ಮೊಬೈಲ್ ದೂರವಾಣಿ ಬಳಕೆ: ದಂಡ ಪಾವತಿಯೊಂದಿಗೆ ಪ್ರಕರಣ ಮುಗಿಯುವುದೇ?

ವಾಹನ ಚಲಾಯಿಸುತ್ತಿರುವಾಗ ಮೊಬೈಲ್ ದೂರವಾಣಿ ಬಳಸಿದ ಪ್ರಕರಣದಲ್ಲಿ ದಂಡ ಪಾವತಿಸಿ ರಸೀದಿ ಪಡೆದೊಡನೆ ವಿಷಯವು ಮುಕ್ತಾಯಗೊಂಡಿತು ಎಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಮೋಟಾರು ವಾಹನಗಳ ಅಧಿನಿಯಮ, 1988ಕ್ಕೆ 2019ರಲ್ಲಿ ತರಲಾದ ತಿದ್ದುಪಡಿಯ ತರುವಾಯ ಈ ಭಾವನೆಗೆ ಆಧಾರವಿಲ್ಲ. ದಂಡವು ಈ ಅಪರಾಧದ ಒಂದು ಪರಿಣಾಮ ಮಾತ್ರ. ಚಾಲನಾ ಅನುಜ್ಞಾಪತ್ರವನ್ನೇ ಕಳೆದುಕೊಳ್ಳುವ ಸಂಭವ ಅದರ ಹಿಂದೆಯೇ ಇರುತ್ತದೆ. ಹೊಸದಾಗಿ ಅನುಜ್ಞಾಪತ್ರಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ನವೀಕರಣ ಕೋರುವವರು ಈ ಅಂಶವನ್ನು ಅರಿತಿರುವುದು ಅವಶ್ಯಕವಾದ್ದರಿಂದ, ವಿಷಯದ ವಿವಿಧ ಮಗ್ಗುಲುಗಳನ್ನು ಈ ಕೆಳಗೆ ವಿಶ್ಲೇಷಿಸಲಾಗಿದೆ.

ಸಮಸ್ಯೆಯ ಸ್ವರೂಪ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ದೂರ ಕ್ರಮಿಸುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂದೇಶ ಟೈಪಿಸುತ್ತಿದ್ದ ಚಾಲಕರ ದೃಷ್ಟಿಯು 6 ಸೆಕೆಂಡುಗಳ ಅವಧಿಯಲ್ಲಿ ಸುಮಾರು 4.6 ಸೆಕೆಂಡುಗಳ ಕಾಲ ರಸ್ತೆಯ ಮೇಲೆ ಇರಲಿಲ್ಲವೆಂದು ಕಂಡುಬಂದಿತು. ಮೇಲಿನ ವೇಗಕ್ಕೆ ಇದನ್ನು ಅನ್ವಯಿಸಿದಲ್ಲಿ, ವಾಹನವು 75 ಮೀಟರಿಗೂ ಹೆಚ್ಚು ದೂರವನ್ನು ನೋಡುವವರಿಲ್ಲದೆಯೇ ಸಾಗಿದಂತಾಗುತ್ತದೆ. ಶಾಲೆಯ ಮುಂದಿನ ಪಾದಚಾರಿ ದಾಟು, ಬಸ್ ನಿಲ್ದಾಣ, ಹಳ್ಳಿಯ ಅಡ್ಡರಸ್ತೆ ಇವೆಲ್ಲವೂ ಇದಕ್ಕಿಂತ ಕಡಿಮೆ ದೂರದಲ್ಲಿ ಎದುರಾಗಬಹುದು.

ದೂರವಾಣಿಯನ್ನು ಕೈಯಲ್ಲಿ ಹಿಡಿಯದೆ ಇಯರ್‌ಫೋನ್ ಅಥವಾ ಬ್ಲೂಟೂತ್ ಮೂಲಕ ಮಾತನಾಡಿದರೆ ಅಪಾಯವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ದೂರವಾಣಿ ಬಳಸುವ ಚಾಲಕರು ಅಪಘಾತಕ್ಕೆ ಈಡಾಗುವ ಸಂಭವವು ಇತರರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದೂ, ಕೈಯಲ್ಲಿ ಹಿಡಿಯದ ಸಾಧನಗಳು ಹಿಡಿಯುವ ಸಾಧನಗಳಿಗಿಂತ ಹೆಚ್ಚು ಸುರಕ್ಷಿತವಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಕೈ ಬಿಡುವಾಗಿದ್ದರೂ ಗಮನವು ಬಿಡುವಾಗಿರುವುದಿಲ್ಲ ಎಂಬುದೇ ಇದಕ್ಕೆ ಕಾರಣ.

ಅಂಕಿಅಂಶಗಳ ಮಿತಿ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಗಳ ಪ್ರಕಾರ, ಮೊಬೈಲ್ ಬಳಕೆಯ ಕಾರಣದಿಂದ ದೇಶದಲ್ಲಿ 2016ರಲ್ಲಿ 4,976 ಅಪಘಾತಗಳು ಸಂಭವಿಸಿ 2,138 ಮಂದಿ ಮೃತಪಟ್ಟರು. 2021ರಲ್ಲಿ ಇದೇ ಕಾರಣದಡಿ 1,997 ಅಪಘಾತಗಳು ಹಾಗೂ 1,040 ಸಾವುಗಳು ದಾಖಲಾದವು. ಆ ವರ್ಷ ರಸ್ತೆ ಅಪಘಾತಗಳಲ್ಲಿ ಮೃತಪಟ್ಟವರ ಒಟ್ಟು ಸಂಖ್ಯೆ 1,53,972. ಅಂದರೆ ಮೊಬೈಲ್ ಬಳಕೆಯ ಪಾಲು ಶೇಕಡ ಒಂದಕ್ಕಿಂತ ಕಡಿಮೆ.

ಐದು ವರ್ಷಗಳಲ್ಲಿ ಸ್ಮಾರ್ಟ್‌ಫೋನ್ ಬಳಕೆ ಹಲವು ಪಟ್ಟು ವಿಸ್ತರಿಸಿರುವಾಗ ಅದರಿಂದಾದ ಸಾವುಗಳು ಅರ್ಧಕ್ಕೆ ಇಳಿದವೆಂದು ಈ ಅಂಕಿಗಳಿಂದ ತೀರ್ಮಾನಿಸುವುದು ಸಮಂಜಸವಲ್ಲ. ಮದ್ಯ ಸೇವನೆಯನ್ನು ಅಪಘಾತದ ನಂತರ ಪರೀಕ್ಷೆಯಿಂದ ಪತ್ತೆ ಹಚ್ಚಬಹುದು. ವಾಹನದ ವೇಗವನ್ನು ಚಕ್ರದ ಗುರುತಿನಿಂದ ಅಂದಾಜಿಸಬಹುದು. ಆದರೆ ಆ ಕ್ಷಣದಲ್ಲಿ ಚಾಲಕನ ದೃಷ್ಟಿ ದೂರವಾಣಿಯ ಪರದೆಯ ಮೇಲಿತ್ತು ಎಂಬುದಕ್ಕೆ ಸ್ಥಳದಲ್ಲಿ ಕುರುಹು ಉಳಿಯುವುದು ವಿರಳ. ಚಾಲಕನು ಒಪ್ಪಿಕೊಳ್ಳದ ಹೊರತು, ಅಥವಾ ಕರೆಗಳ ವಿವರವನ್ನು ತನಿಖೆಯಲ್ಲಿ ಪಡೆಯದ ಹೊರತು, ಅಂತಹ ಪ್ರಕರಣವು ಅತಿವೇಗ ಇಲ್ಲವೇ ಅಜಾಗರೂಕತೆಯ ಶೀರ್ಷಿಕೆಯಡಿ ಸೇರಿಹೋಗುತ್ತದೆ. ಆದುದರಿಂದ ದಾಖಲಾದ ಸಂಖ್ಯೆಯನ್ನು ಕನಿಷ್ಠ ಪ್ರಮಾಣವೆಂದೇ ಪರಿಗಣಿಸುವುದು ಸೂಕ್ತ.

ಕಾನೂನು ಬೆಳೆದುಬಂದ ಬಗೆ

ಮೂಲ ಅಧಿನಿಯಮದ ಕಲಂ 184ರಲ್ಲಿ ಅಪಾಯಕಾರಿ ಚಾಲನೆಯ ಉಲ್ಲೇಖವಿತ್ತೇ ಹೊರತು ಮೊಬೈಲ್ ದೂರವಾಣಿಯ ಹೆಸರಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 21ರಲ್ಲಿ, ಚಾಲಕನನ್ನು ಅನರ್ಹಗೊಳಿಸಬಹುದಾದ ಕೃತ್ಯಗಳ ಪಟ್ಟಿಗೆ ಚಾಲನೆಯ ವೇಳೆಯ ಮೊಬೈಲ್ ಬಳಕೆಯನ್ನು ಸೇರಿಸಲಾಯಿತು. ರಸ್ತೆ ಸುರಕ್ಷತೆ ಕುರಿತ ಸರ್ವೋಚ್ಚ ನ್ಯಾಯಾಲಯದ ಸಮಿತಿಯು 2015ರಲ್ಲಿ, ಇಂತಹ ಚಾಲಕರ ಅನುಜ್ಞಾಪತ್ರವನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡುವಂತೆ ರಾಜ್ಯಗಳಿಗೆ ನಿರ್ದೇಶಿಸಿತು.

ಆದರೂ ಕಾಯ್ದೆಯ ಪದಗಳಲ್ಲಿ ಸ್ಪಷ್ಟತೆಯ ಕೊರತೆ ಉಳಿದಿತ್ತು. ಚಾಲನೆಯ ವೇಳೆ ಮೊಬೈಲಿನಲ್ಲಿ ಮಾತನಾಡಿದ ಮಾತ್ರಕ್ಕೆ, ಸಾರ್ವಜನಿಕರಿಗೆ ಅಪಾಯ ಉಂಟಾಗದ ಪಕ್ಷದಲ್ಲಿ, ಆ ರಾಜ್ಯದ ಪೊಲೀಸ್ ಕಾಯ್ದೆಯಡಿ ಅದು ಅಪರಾಧವಾಗದು ಎಂದು ಕೇರಳ ಉಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿತು. 2019ರ ತಿದ್ದುಪಡಿಯು ಈ ಅಸ್ಪಷ್ಟತೆಯನ್ನು ನಿವಾರಿಸಿತು. ಕೈಯಲ್ಲಿ ಹಿಡಿಯುವ ಸಂವಹನ ಸಾಧನದ ಬಳಕೆಯನ್ನು ಕಲಂ 184ರಲ್ಲಿಯೇ ಅಪಾಯಕಾರಿ ಚಾಲನೆಯ ಒಂದು ಬಗೆಯೆಂದು ನಮೂದಿಸಲಾಯಿತು. ಮೊದಲ ಅಪರಾಧಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಕಾರಾವಾಸ, ಅಥವಾ ರೂ. 1,000ಕ್ಕೆ ಕಡಿಮೆಯಿಲ್ಲದ, ರೂ. 5,000ದವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮೂರು ವರ್ಷಗಳೊಳಗೆ ಪುನರಾವರ್ತನೆಯಾದಲ್ಲಿ ಎರಡು ವರ್ಷಗಳವರೆಗಿನ ಕಾರಾವಾಸ ಅಥವಾ ರೂ. 10,000 ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ದಿನಾಂಕ 1-10-2020ರಿಂದ ಜಾರಿಗೆ ಬಂದ ನಿಯಮಗಳ ಅನುಸಾರ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಮಾರ್ಗ ಸೂಚನೆಗಾಗಿ ಮಾತ್ರ ಇಂತಹ ಸಾಧನವನ್ನು ಬಳಸಬಹುದು. ಹೆಲ್ಮೆಟ್ಟಿನೊಳಗೆ ದೂರವಾಣಿಯನ್ನು ಸಿಕ್ಕಿಸಿಕೊಂಡು ಮಾತನಾಡುವುದು ಇಂದು ರಾಜ್ಯದ ಎಲ್ಲ ಊರುಗಳಲ್ಲೂ ಕಂಡುಬರುವ ದೃಶ್ಯ. ಕೈ ಸೋಕದ ಕಾರಣ ಇದು ಅಪರಾಧವಲ್ಲವೆಂಬ ವಾದವನ್ನು ಕೆಲವರು ಮುಂದಿಡುವುದುಂಟು. ಆದರೆ ನಿಯಮ 21ರ ಪಟ್ಟಿಯಲ್ಲಿ ಕೈಯಲ್ಲಿ ಹಿಡಿಯುವ ಷರತ್ತಿಲ್ಲ. ಚಾಲನೆಯ ವೇಳೆ ಮೊಬೈಲ್ ಬಳಕೆ ಎಂದಷ್ಟೇ ಇದೆ.

ದಂಡ ಪಾವತಿಸಿದ ನಂತರ

ಕಲಂ 184ರ ಅಪರಾಧಗಳ ಪೈಕಿ ಸಂವಹನ ಸಾಧನದ ಬಳಕೆಯನ್ನು ಮಾತ್ರ, ನಿಗದಿತ ಮೊತ್ತ ಪಾವತಿಸಿ ರಾಜಿ ಮಾಡಿಕೊಳ್ಳಲು ಕಲಂ 200 ಅವಕಾಶ ನೀಡಿದೆ. ರಾಜಿ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ಈ ಅನುಕೂಲಕ್ಕೆ ಎರಡು ಷರತ್ತುಗಳಿವೆ. ಒಂದು, ರಾಜಿಯಾದ ಪ್ರಕರಣವನ್ನೂ ಹಿಂದಿನ ಅಪರಾಧವೆಂದೇ ಲೆಕ್ಕಕ್ಕೆ ಹಿಡಿಯಲಾಗುವುದು. ಎರಡು, ರಾಜಿಯಿಂದಾಗಿ ಕಲಂ 206(4)ರ ನಡವಳಿಯಿಂದ ಚಾಲಕನಿಗೆ ಬಿಡುಗಡೆ ದೊರೆಯುವುದಿಲ್ಲ.

ಕಲಂ 206(4)ರ ಪ್ರಕಾರ ಪೊಲೀಸ್ ಅಧಿಕಾರಿಯು ಚಾಲಕನ ಅನುಜ್ಞಾಪತ್ರವನ್ನು ವಶಪಡಿಸಿಕೊಂಡು ಅನುಜ್ಞಾಪತ್ರ ನೀಡುವ ಪ್ರಾಧಿಕಾರಕ್ಕೆ ಕಳುಹಿಸಬೇಕು. ಚಾಲಕನಿಗೆ ತಾತ್ಕಾಲಿಕ ಸ್ವೀಕೃತಿ ದೊರೆಯುತ್ತದೆ. ಆದರೆ ಅನುಜ್ಞಾಪತ್ರ ಮರಳಿ ಬರುವವರೆಗೆ ಆ ಸ್ವೀಕೃತಿಯ ಆಧಾರದ ಮೇಲೆ ವಾಹನ ಚಲಾಯಿಸುವಂತಿಲ್ಲ. ಪ್ರಾಧಿಕಾರವು ಚಾಲಕನ ಅಹವಾಲು ಆಲಿಸಿದ ನಂತರ, ಕಲಂ 19ರಡಿ ಮೊದಲ ಅಪರಾಧಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯ ಅಥವಾ ತರುವಾಯದ ಅಪರಾಧಕ್ಕೆ ಅನುಜ್ಞಾಪತ್ರವನ್ನೇ ರದ್ದುಪಡಿಸಬಹುದು. ಅವಧಿ ಮುಗಿದರೂ, ಪುನಶ್ಚೇತನ ತರಬೇತಿಯನ್ನು ಪೂರೈಸಿದ ನಂತರವೇ ಅದನ್ನು ಹಿಂದಿರುಗಿಸಲಾಗುವುದು.

ಸ್ವಂತ ಕಾರು ಉಳ್ಳವರಿಗೆ ಮೂರು ತಿಂಗಳು ಅನನುಕೂಲದ ಸಂಗತಿ. ಟ್ಯಾಕ್ಸಿ, ಆಟೋರಿಕ್ಷಾ, ಸರಕು ವಾಹನ ಚಲಾಯಿಸಿ ಸಂಸಾರ ನಿರ್ವಹಿಸುವವರಿಗೆ ಅದು ಮೂರು ತಿಂಗಳ ವರಮಾನದ ನಷ್ಟ. ಮನೆ ಬಾಡಿಗೆ, ಮಕ್ಕಳ ಶುಲ್ಕ, ವಾಹನ ಸಾಲದ ಕಂತುಗಳು ಮಾತ್ರ ನಿಲ್ಲುವುದಿಲ್ಲ. ಒಂದು ಕರೆಯ ಬೆಲೆಯನ್ನು ದಂಡದ ರಸೀದಿಯಿಂದಲ್ಲ, ಇದರಿಂದ ಅಳೆಯಬೇಕಾಗುತ್ತದೆ.

ಯಾವುದು ತಡೆಯುತ್ತದೆ: ಮೊತ್ತವೋ, ಖಚಿತತೆಯೋ?

ದಂಡ ಹೆಚ್ಚಿಸಿದರೆ ಅಪರಾಧ ತಗ್ಗುವುದೆಂಬ ವಾದವನ್ನು ಸರಳ ಲೆಕ್ಕದಿಂದ ಪರಿಶೀಲಿಸಬಹುದು. ಉದಾಹರಣೆಗೆ, ಸಾವಿರ ಬಾರಿ ಉಲ್ಲಂಘಿಸಿದ ಚಾಲಕನೊಬ್ಬ ಒಮ್ಮೆ ಮಾತ್ರ ಸಿಕ್ಕಿಬಿದ್ದು ರೂ. 5,000 ತೆರುತ್ತಾನೆಂದು ಭಾವಿಸಿದಲ್ಲಿ, ಪ್ರತಿ ಉಲ್ಲಂಘನೆಗೆ ತಗಲುವ ವೆಚ್ಚ ರೂ. 5 ಮಾತ್ರ. ದಂಡವನ್ನು ಇಮ್ಮಡಿಗೊಳಿಸಿದರೂ ಅದು ರೂ. 10 ಆಗುತ್ತದೆ. ಬದಲಿಗೆ ದಂಡ ರೂ. 1,000 ಇದ್ದು, ಹತ್ತು ಬಾರಿಗೆ ಒಮ್ಮೆ ಸಿಕ್ಕಿಬೀಳುವಂತಾದರೆ ಪ್ರತಿ ಉಲ್ಲಂಘನೆಯ ವೆಚ್ಚ ರೂ. 100. ತಡೆಯುವ ಶಕ್ತಿಯು ಮೊತ್ತಕ್ಕಿಂತ ಖಚಿತತೆಯಲ್ಲಿ ಹೆಚ್ಚಾಗಿದೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಇದೇ ದೃಷ್ಟಿಯಿಂದ ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ವೃತ್ತಗಳಲ್ಲಿ ಕ್ಯಾಮೆರಾ ಆಧಾರಿತ ಸಂಚಾರ ನಿರ್ವಹಣಾ ವ್ಯವಸ್ಥೆಗೆ ಚಾಲನೆ ನೀಡಲಾಯಿತು. ಮೊಬೈಲ್ ಬಳಕೆಯೂ ಇದು ಗುರುತಿಸುವ ಉಲ್ಲಂಘನೆಗಳಲ್ಲಿ ಒಂದು. ಆದರೆ ಕ್ಯಾಮೆರಾ ಓದುವುದು ವಾಹನದ ಸಂಖ್ಯೆಯನ್ನು, ಚಾಲಕನ ಹೆಸರನ್ನಲ್ಲ. ನೋಟೀಸು ಮಾಲೀಕರಿಗೆ ತಲುಪುತ್ತದೆ. ಮಾಲೀಕರು ದಂಡ ಕಟ್ಟಿದರೆ ಚಾಲಕನ ಅನುಜ್ಞಾಪತ್ರಕ್ಕೆ ಯಾವ ಬಾಧೆಯೂ ತಟ್ಟದೆ ಹೋಗಬಹುದು. ಕೇಳಿದಾಗ ಚಾಲಕನ ಹೆಸರು, ವಿಳಾಸ ಹಾಗೂ ಅನುಜ್ಞಾಪತ್ರದ ವಿವರ ನೀಡುವುದು ಕಲಂ 133ರಡಿ ಮಾಲೀಕರ ಕರ್ತವ್ಯ. ಈ ಕೊಂಡಿ ಬಲಗೊಳ್ಳದ ಹೊರತು ಕ್ಯಾಮೆರಾಗಳು ದಂಡ ಸಂಗ್ರಹದ ಸಾಧನವಾಗಿ ಮಾತ್ರ ಉಳಿಯುತ್ತವೆ.

ದಂಡ ವಸೂಲಿಯ ಕಾಲವೂ ಅಷ್ಟೇ ಮುಖ್ಯ. ರಾಜ್ಯದಲ್ಲಿ 2023ರ ಫೆಬ್ರವರಿಯಲ್ಲಿ ಹಾಗೂ 2025ರ ಆಗಸ್ಟ್-ಸೆಪ್ಟೆಂಬರ್ ಅವಧಿಯಲ್ಲಿ ಬಾಕಿ ಸಂಚಾರ ದಂಡಗಳಿಗೆ ಶೇಕಡ 50ರ ರಿಯಾಯಿತಿ ನೀಡಲಾಯಿತು. ಬಾಕಿ ಪ್ರಕರಣಗಳ ಇತ್ಯರ್ಥಕ್ಕೆ ಇದು ನೆರವಾಗುತ್ತದೆ. ಆದರೆ ಕಾದರೆ ಅರ್ಧಕ್ಕೆ ಮುಗಿಯುವುದೆಂಬ ನಿರೀಕ್ಷೆ ಬೇರೂರಿದಲ್ಲಿ ದಂಡದ ಭಯ ಕುಗ್ಗುತ್ತದೆ. ರಿಯಾಯಿತಿ ದೊರೆಯುವುದು ಮೊತ್ತಕ್ಕೆ ಮಾತ್ರ, ಅಪರಾಧದ ದಾಖಲೆಗಲ್ಲ ಎಂಬುದನ್ನು ಗಮನದಲ್ಲಿಡಬೇಕು.

ಅನ್ಯ ದೇಶಗಳ ಅನುಭವ

ಬ್ರಿಟನ್ನಿನಲ್ಲಿ 2003ರ ಡಿಸೆಂಬರ್‌ನಲ್ಲಿ ನಿಷೇಧ ಜಾರಿಯಾದಾಗ ದಂಡವು 30 ಪೌಂಡ್ ಮಾತ್ರವಿತ್ತು. 2007ರಲ್ಲಿ ಅದನ್ನು 60 ಪೌಂಡಿಗೆ ಏರಿಸಿ, ಜೊತೆಗೆ ಅನುಜ್ಞಾಪತ್ರದ ಮೇಲೆ 3 ದಂಡನಾಂಕಗಳನ್ನು ನಮೂದಿಸುವ ಕ್ರಮ ಆರಂಭಿಸಲಾಯಿತು. 2017ರಿಂದ 200 ಪೌಂಡ್ ದಂಡ ಹಾಗೂ 6 ದಂಡನಾಂಕಗಳಿವೆ. ಅನುಜ್ಞಾಪತ್ರ ಪಡೆದು ಎರಡು ವರ್ಷ ತುಂಬದವರಿಗೆ 6 ದಂಡನಾಂಕಗಳೆಂದರೆ ಅನುಜ್ಞಾಪತ್ರ ರದ್ದು ಎಂದೇ ಅರ್ಥ. ದಂಡದ ಮೊತ್ತವೊಂದೇ ಸಾಲದೆಂದು ಅಲ್ಲಿಯೂ ಅನುಜ್ಞಾಪತ್ರದ ಮೇಲೆ ಕೈಯಿಡಬೇಕಾಯಿತು. ಚಿತ್ರ ತೆಗೆಯುವುದು, ಪರದೆ ಸರಿಸುವುದು ಮುಂತಾದ ಬಳಕೆಗಳನ್ನೂ ಒಳಗೊಳ್ಳುವಂತೆ 2022ರ ಮಾರ್ಚ್‌ನಲ್ಲಿ ಕಾನೂನನ್ನು ವಿಸ್ತರಿಸಲಾಯಿತು.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯವು 2019ರ ಡಿಸೆಂಬರ್‌ನಲ್ಲಿ ಮೊಬೈಲ್ ಪತ್ತೆ ಕ್ಯಾಮೆರಾಗಳನ್ನು ಅಳವಡಿಸಿ, ಮೊದಲ ಮೂರು ತಿಂಗಳು ಎಚ್ಚರಿಕೆ ಪತ್ರಗಳನ್ನು ಮಾತ್ರ ಕಳುಹಿಸಿತು. 2020ರ ಮಾರ್ಚ್‌ನಿಂದ ದಂಡ ಆರಂಭವಾಯಿತು. ಮೊದಲು ತಿಳಿವಳಿಕೆ, ನಂತರ ದಂಡನೆ ಎಂಬ ಈ ಕ್ರಮ ಅನುಕರಣೀಯ.

ಕರೆ ಮಾಡುವವರ ಹೊಣೆ

ಚಾಲಕನೊಬ್ಬನನ್ನೇ ದೂರುವುದರಿಂದ ಪರಿಹಾರ ದೊರೆಯದು. ಆ್ಯಪ್ ಆಧಾರಿತ ಟ್ಯಾಕ್ಸಿ ಹಾಗೂ ಮನೆಬಾಗಿಲಿಗೆ ಆಹಾರ ತಲುಪಿಸುವ ಕೆಲಸದಲ್ಲಿ ದೂರವಾಣಿಯೇ ಉಪಕರಣ. ಎಲ್ಲಿದ್ದೀರಿ ಎಂದು ಗ್ರಾಹಕರು ಪದೇ ಪದೇ ಕರೆ ಮಾಡಿದಲ್ಲಿ, ಚಲಿಸುತ್ತಿರುವಾಗಲೇ ಹೊಸ ಕೋರಿಕೆಯನ್ನು ಕ್ಷಣಗಳಲ್ಲಿ ಒಪ್ಪಬೇಕಾದಲ್ಲಿ, ಉಲ್ಲಂಘನೆಗೆ ಒತ್ತಡ ಹೊರಗಿನಿಂದಲೇ ಬರುತ್ತದೆ. ವಾಹನ ನಡೆಸುತ್ತಿರುವರೆಂದು ತಿಳಿದೊಡನೆ ಕರೆಯನ್ನು ಮುಗಿಸುವುದು ಮನೆಯವರು, ಮೇಲಧಿಕಾರಿಗಳು ಮತ್ತು ಗ್ರಾಹಕರು ಸುಲಭವಾಗಿ ಪಾಲಿಸಬಹುದಾದ ಕ್ರಮ. ಕಾನೂನು ಜಾರಿಗೊಳಿಸುವ ಪ್ರಾಧಿಕಾರವೇ ತಪ್ಪೆಸಗಿದಲ್ಲಿ ಕಲಂ 210ಬಿ ಅಡಿ ಇಮ್ಮಡಿ ದಂಡನೆಗೆ ಗುರಿಯಾಗುವುದೆಂಬುದೂ ಇಲ್ಲಿ ಸ್ಮರಣೀಯ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಮಾರ್ಗ ಸೂಚನೆ ಬೇಕಾದಲ್ಲಿ, ಹೊರಡುವ ಮೊದಲೇ ತಲುಪುವ ಸ್ಥಳವನ್ನು ನಮೂದಿಸಿ ದೂರವಾಣಿಯನ್ನು ಹಿಡಿಕೆಯಲ್ಲಿ ಅಳವಡಿಸತಕ್ಕದ್ದು. ಬದಲಾವಣೆ ಅಗತ್ಯವಾದಲ್ಲಿ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸತಕ್ಕದ್ದು.

2. ಅನುಜ್ಞಾಪತ್ರವನ್ನು ವಶಪಡಿಸಿಕೊಂಡಲ್ಲಿ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. ಅನರ್ಹತೆಯ ಅವಧಿಯಲ್ಲಿ ವಾಹನ ಚಲಾಯಿಸಿದಲ್ಲಿ ಕಲಂ 182ರಡಿ ಮೂರು ತಿಂಗಳವರೆಗಿನ ಕಾರಾವಾಸ ಅಥವಾ ರೂ. 10,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

3. ಪ್ರಾಧಿಕಾರದಿಂದ ನೋಟೀಸು ಬಂದಲ್ಲಿ ನಿಗದಿತ ದಿನಾಂಕದಂದು ಹಾಜರಾಗಿ ಅಹವಾಲು ಸಲ್ಲಿಸತಕ್ಕದ್ದು. ಇದು ಚಾಲಕನ ಹಕ್ಕು. ಆದೇಶದಿಂದ ಬಾಧಿತರಾದವರು ಆದೇಶ ಸ್ವೀಕರಿಸಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

4. ವಾಹನವನ್ನು ಅನ್ಯರಿಗೆ ನೀಡುವ ಮಾಲೀಕರು ಚಲಾಯಿಸಿದವರ ವಿವರವನ್ನು ಬರೆದಿಟ್ಟುಕೊಳ್ಳುವುದು ಸೂಕ್ತ.

5. ವಿಳಾಸ ಹಾಗೂ ದೂರವಾಣಿ ಸಂಖ್ಯೆ ಬದಲಾದಲ್ಲಿ ದಾಖಲೆಗಳಲ್ಲಿ ತಿದ್ದುಪಡಿ ಮಾಡಿಸತಕ್ಕದ್ದು. ನೋಟೀಸು ತಲುಪಲಿಲ್ಲವೆಂಬ ಕಾರಣಕ್ಕೆ ಅಹವಾಲಿನ ಅವಕಾಶ ತಪ್ಪಬಾರದು.

ಅನುಜ್ಞಾಪತ್ರವು ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಒಮ್ಮೆ ದೊರೆತು ಶಾಶ್ವತವಾಗಿ ಉಳಿಯುವ ಆಸ್ತಿಯಲ್ಲ. ರಸ್ತೆಯಲ್ಲಿರುವ ಇತರರ ಪ್ರಾಣಕ್ಕೆ ಎರವಾಗುವುದಿಲ್ಲವೆಂಬ ಭರವಸೆಯ ಮೇಲೆ ನೀಡಲಾದ ಅನುಮತಿ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಡಿ ಐದು ವರ್ಷಗಳವರೆಗಿನ ಕಾರಾವಾಸಕ್ಕೆ ಅವಕಾಶವಿದ್ದು, ಹೋದ ಜೀವವನ್ನು ಯಾವ ಶಿಕ್ಷೆಯೂ ಮರಳಿ ತರಲಾರದು. ಆದುದರಿಂದ ಸಾರ್ವಜನಿಕರು ಚಾಲನೆಯ ವೇಳೆ ದೂರವಾಣಿಯನ್ನು ದೂರವಿಟ್ಟು ಸಹಕರಿಸಬೇಕೆಂದು ಕೋರಲಾಗಿದೆ.