ಕೂಸಿಗೆ ತುಟ್ಟಿಭತ್ಯೆ ಯಾಕಿಲ್ಲ?

ಗಿರಣಿಯಲ್ಲಿ ದುಡಿಯುವ ಬಂಧುಗಳಿಗೆ ತುಟ್ಟಿಭತ್ಯೆ ಎಂದರೇನೆಂದು ತಿಳಿಸಿ ಹೇಳಬೇಕಾಗಿಲ್ಲ. ಜೋಳ, ಬೇಳೆ, ಎಣ್ಣೆಗಳ ಧಾರಣಿ ಏರಿದಂತೆ ಪಗಾರವೂ ಏರಬೇಕೆಂಬ ನ್ಯಾಯವದು. ಯಾವ ಮಾಲಕನೂ ಅದನ್ನು ಕರುಣೆಯಿಂದ ಕೊಟ್ಟಿಲ್ಲ; ನಮ್ಮ ಹಿಂದಿನವರು ಗಿರಣಿಯ ಬಾಗಿಲಲ್ಲಿ ಕುಳಿತು, ಹಾಜರಿ ಕಳಕೊಂಡು ಪಡೆದದ್ದು. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಬೆಲೆ ಸೂಚ್ಯಂಕ ನೋಡಿ ಬದಲಾಗುತ್ತದೆ. ದಿಲ್ಲಿಯ ಅಧಿಕಾರಿಗೆ ವರ್ಷಕ್ಕೆ ಎರಡು ಸಲ. ಹಾಗಾದರೆ ನಿಡೋಣಿಯ ಅಂಗನವಾಡಿಯಲ್ಲಿ ತಟ್ಟೆ ಮುಂದಿಟ್ಟುಕೊಂಡು ಕುಳಿತ ನಾಲ್ಕು ವರ್ಷದ ಕೂಸಿಗೆ?

ಅದರ ಲೆಕ್ಕವನ್ನೂ ನೋಡೋಣ. 2004ರವರೆಗೆ ಒಂದು ಮಗುವಿನ ಪೂರಕ ಆಹಾರಕ್ಕೆ ಕೇಂದ್ರ ಸರಕಾರದ ದರ ದಿನಕ್ಕೆ ಸುಮಾರು ಒಂದು ರೂಪಾಯಿ. ಆ ಒಂದನ್ನು ಎರಡು ಮಾಡುವ ಮಾತನ್ನು ಸುಪ್ರೀಂ ಕೋರ್ಟು 2004ರ ಅಕ್ಟೋಬರ್ 7ರ ಆಜ್ಞೆಯಲ್ಲಿ ಎತ್ತಬೇಕಾಯಿತು. (ಕಂತ್ರಾಟುದಾರರನ್ನು ಕೂಸಿನ ತಟ್ಟೆಯಿಂದ ದೂರವಿಡಿ ಎಂದದ್ದೂ ಅದೇ ಆಜ್ಞೆ, ಅದನ್ನು ಎಷ್ಟು ಜನ ಮಂತ್ರಿಗಳು ಓದಿದರೋ ದೇವರೇ ಬಲ್ಲ.) 2012ರ ಹೊತ್ತಿಗೆ ಆರು ರೂಪಾಯಿ. 2017ರಲ್ಲಿ ಎಂಟು; ತೀವ್ರ ಅಪೌಷ್ಟಿಕತೆಯಿಂದ ಸೊರಗಿದ ಮಗುವಾದರೆ ಹನ್ನೆರಡು. ಈ ಎಂಟರಲ್ಲಿ ಅರ್ಧ ದಿಲ್ಲಿಯದು, ಅರ್ಧ ಬೆಂಗಳೂರಿನದು. ಅಂದರೆ ಇಷ್ಟು ದೊಡ್ಡ ದೇಶದ ಖಜಾನೆಯಿಂದ ಒಂದು ಕೂಸಿನ ಪಾಲಿಗೆ ಬಂದದ್ದು ದಿನಕ್ಕೆ ನಾಲ್ಕು ರೂಪಾಯಿ! ನಾಲ್ಕು ರೂಪಾಯಿಗೆ ಏನು ಬರುತ್ತದೆಂದು ಕಿರಾಣಿ ಅಂಗಡಿಯ ಬಂಧುಗಳನ್ನೇ ಕೇಳಿರಿ.

ಕಾಯ್ದೆಯ ಮಾತು ಬೇರೆಯೇ ಇದೆ. 2013ರ ಆಹಾರ ಭದ್ರತಾ ಕಾಯ್ದೆಯು ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ಅಂಗನವಾಡಿಯ ಮೂಲಕ ಉಚಿತ ಆಹಾರವನ್ನು ಹಕ್ಕೆಂದು ಬರೆಯಿತು. ಮೂರರಿಂದ ಆರು ವರ್ಷದ ಮಗುವಿಗೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಎಂದು ಅನುಬಂಧದಲ್ಲಿ ಅಳತೆಯನ್ನೂ ಹಾಕಿತು. ಕಾಯ್ದೆ ಅಳೆದದ್ದು ಅನ್ನದಿಂದ. ಖಜಾನೆ ಅಳೆಯುವುದು ರೂಪಾಯಿಯಿಂದ. ತೊಗರಿ ಬೇಳೆ ತುಟ್ಟಿಯಾದಾಗ ಕಾಯ್ದೆಯ ಗ್ರಾಮು ಕಾಗದದ ಮೇಲೆ ಹಾಗೆಯೇ ಇರುತ್ತದೆ, ತಟ್ಟೆಯಲ್ಲಿ ಸಾರು ತೆಳ್ಳಗಾಗುತ್ತದೆ. ಇದಕ್ಕೆ ಯಾರ ಸಹಿಯೂ ಬೇಕಿಲ್ಲ, ಯಾವ ವಿಧಾನಸಭೆಯಲ್ಲೂ ಚರ್ಚೆಯಾಗುವುದಿಲ್ಲ. ದರವನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಸಾಕು, ಕೂಸಿನ ತುತ್ತು ತಾನಾಗಿ ಕಡಿಮೆಯಾಗುತ್ತದೆ.

ಬಾಣಂತಿಯ ಕಥೆಯೂ ಇದೇ. ಗರ್ಭಿಣಿಗೆ ಆರು ಸಾವಿರಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕೆಂದು ಅದೇ ಕಾಯ್ದೆ ಹೇಳಿತ್ತು. 2017ರಲ್ಲಿ ಮಾತೃವಂದನಾ ಯೋಜನೆ ಬಂದಾಗ ಅದು ಐದು ಸಾವಿರವಾಯಿತು, ಅದೂ ಮೊದಲ ಹೆರಿಗೆಗೆ ಮಾತ್ರ. ಆಮೇಲೆ, 2022ರಿಂದ, ಎರಡನೆಯದು ಹೆಣ್ಣಾದರೆ ಆರು ಸಾವಿರ ಎಂದರು. ಎರಡನೆಯದು ಗಂಡಾದರೆ ಆ ತಾಯಿಗೆ ಹಸಿವಾಗುವುದಿಲ್ಲವೇ?

ಹಣವಿಲ್ಲ ಎನ್ನುತ್ತಾರೆ. 2014-15ರಲ್ಲಿ ಈ ಬಾಲವಿಕಾಸ ಯೋಜನೆಗೆ ಕೇಂದ್ರದ ಮುಂಗಡಪತ್ರದಲ್ಲಿ 18 ಸಾವಿರ ಕೋಟಿ ಮೀರಿದ ಹಣವಿತ್ತು. ಮರುವರ್ಷ ಅದನ್ನು ಅರ್ಧಕ್ಕೂ ಕೆಳಗೆ ಇಳಿಸಲಾಯಿತು. ರಾಜ್ಯಗಳಿಗೆ ತೆರಿಗೆಯ ಪಾಲು ಹೆಚ್ಚಿಸಿದ್ದೇವೆ, ಅವೇ ನೋಡಿಕೊಳ್ಳಲಿ ಎಂಬುದು ದಿಲ್ಲಿಯ ಉತ್ತರ. ಕೂಗೆದ್ದ ಮೇಲೆ ಒಂದಿಷ್ಟು ಹಿಂದಕ್ಕೆ ಬಂತು. ಆದರೆ 2019ರ ಸೆಪ್ಟೆಂಬರ್ 20ರಂದು ಕಂಪನಿಗಳ ತೆರಿಗೆಯನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸುವಾಗ ಇಂಥ ತಕರಾರು ಯಾರಿಗೂ ಹೊಳೆಯಲಿಲ್ಲ. ಅದರಿಂದ ವರ್ಷಕ್ಕೆ ಬಿಟ್ಟುಕೊಡುವ ಹಣ 1 ಲಕ್ಷ 45 ಸಾವಿರ ಕೋಟಿ ಎಂದು ಸರಕಾರವೇ ಅಂದಾಜು ಹೇಳಿತು. ಆ ವರ್ಷ ಇಡೀ ದೇಶದ ಅಂಗನವಾಡಿಗಳಿಗೆ ಇಟ್ಟದ್ದು 20 ಸಾವಿರ ಕೋಟಿಗೂ ಕಡಿಮೆ. ಒಂದೇ ದಿನದ ಪ್ರಕಟಣೆಯಲ್ಲಿ ಅಂಗನವಾಡಿಗಳ ಏಳು ವರ್ಷದ ಗಂಟು ಬಂಡವಳಿಗರ ಮನೆಗೆ ಹೋಯಿತು. ಅದನ್ನು ಪುಕ್ಕಟೆ ಎಂದು ಯಾರೂ ಕರೆಯಲಿಲ್ಲ. ಕೂಸಿನ ಮೊಟ್ಟೆಯನ್ನು ಮಾತ್ರ ಪುಕ್ಕಟೆ ಎನ್ನುತ್ತಾರೆ.

ನಮ್ಮ ವ್ಯಾಪಾರಿ ಬಂಧುಗಳಲ್ಲೂ ಕೆಲವರು, "ನಾವು ಕಟ್ಟಿದ ತೆರಿಗೆಯಲ್ಲಿ ಊರಿಗೆಲ್ಲ ಊಟವೇ?" ಎಂದು ಕೇಳುವುದುಂಟು. ಸ್ವಾಮಿ, ಸಾಬೂನು, ಚಪ್ಪಲಿ, ಬಿಸ್ಕೀಟು ಕೊಳ್ಳುವ ಕೂಲಿಯವಳೂ ಅದೇ ತೆರಿಗೆ ಕಟ್ಟುತ್ತಾಳೆ, ನಿಮ್ಮ ಗಲ್ಲೆಯ ಮೂಲಕವೇ ಕಟ್ಟುತ್ತಾಳೆ. ಅವಳು ಕೂಸನ್ನು ನೋಡುವವರಿಲ್ಲದೆ ಮನೆಯಲ್ಲಿ ಉಳಿದ ದಿನ ಕೂಲಿಯಿಲ್ಲ. ಕೂಲಿಯಿಲ್ಲದ ವಾರ ನಿಮ್ಮ ಉದ್ರಿ ವಹಿಯಲ್ಲಿ ಒಂದು ಸಾಲು ಹೆಚ್ಚು.

ಮೂರು ವರ್ಷದೊಳಗಿನ ಮಗುವಿಗೆ ಅಂಗನವಾಡಿ ಕೊಡುವುದು ಮನೆಗೊಯ್ಯುವ ಹಿಟ್ಟಿನ ಪೊಟ್ಟಣವನ್ನು. ತಾಯಿ ದ್ರಾಕ್ಷಿ ತೋಟಕ್ಕೆ ಹೋದಾಗ ಆ ಹಿಟ್ಟನ್ನು ಕಲಸಿ ಉಣಿಸುವವರು ಯಾರು? ನಾನು ಶಾಲೆಯಲ್ಲಿ ಕಲಿಸುತ್ತಿದ್ದಾಗ ಹಾಜರಿ ಪುಸ್ತಕವೇ ಇದಕ್ಕೆ ಉತ್ತರ ಹೇಳುತ್ತಿತ್ತು: ಕೆಲಸದ ಹಂಗಾಮು ಬಂತೆಂದರೆ ನಾಲ್ಕನೆಯ, ಐದನೆಯ ಇಯತ್ತೆಯ ಹುಡುಗಿಯರ ಹೆಸರಿನ ಮುಂದೆ ಸಾಲುಸಾಲು ಗೈರು. ಅವರು ಮನೆಯಲ್ಲಿ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತಿರುತ್ತಿದ್ದರು. 1948ರ ಕಾರ್ಖಾನೆ ಕಾಯ್ದೆಯಲ್ಲೇ ಶಿಶುಗೃಹದ ಮಾತಿತ್ತು; ಆದರೆ ಹೆಂಗಸರ ಸಂಖ್ಯೆ ಇಷ್ಟು ಮೀರಿದರೆ ಮಾತ್ರ ಎಂಬ ಗೆರೆಯಿತ್ತು, ಹೊಲ ತೋಟಗಳ ಕೂಲಿಗೆ ಅದು ಅನ್ವಯವೇ ಆಗಲಿಲ್ಲ. 2023-24ರಲ್ಲಿ ರಾಜ್ಯ ಸರಕಾರ ನಾಲ್ಕು ಸಾವಿರ ಪಂಚಾಯತಿಗಳಲ್ಲಿ ಕೂಸಿನ ಮನೆ ತೆರೆಯುವೆವೆಂದು ಸಾರಿತು. ಒಳ್ಳೆಯ ಹೆಸರು, ಒಳ್ಳೆಯ ಕೆಲಸ. ಆದರೆ ಕೂಸಿನ ಮನೆಗೂ ಎಂಟು ರೂಪಾಯಿಯ ಗತಿಯೇ ಬಂದರೆ ಹೆಸರಷ್ಟೇ ಉಳಿದೀತು.

ಆದ್ದರಿಂದ ಎರಡು ಠರಾವು. ಮಗುವಿನ ಊಟದ ದರವೂ ಪ್ರತಿ ಏಪ್ರಿಲ್ 1ರಂದು ಬೆಲೆ ಸೂಚ್ಯಂಕದೊಡನೆ ಏರಬೇಕು, ಅದರ ಅಂಕಿಯನ್ನು ಅಂಗನವಾಡಿಯ ಬಾಗಿಲ ಮೇಲೆ ಬರೆಯಬೇಕು. ಕೂಲಿಯ ಹಂಗಾಮಿನಲ್ಲಿ ಕೂಸಿನ ಮನೆ ತಾಯಂದಿರು ಹೊಲದಿಂದ ಮರಳುವ ತನಕ ತೆರೆದಿರಬೇಕು. ನಿಡೋಣಿಯ ಮುಂದಿನ ಗ್ರಾಮಸಭೆಯಲ್ಲಿ ಇವೆರಡನ್ನೂ ಮಂಡಿಸಿ ನಡಾವಳಿಯಲ್ಲಿ ಬರೆಯಿಸಿರಿ. ವಿಜಯಪುರದ ಗಿರಣಿ ಕಾರ್ಮಿಕರೂ ವ್ಯಾಪಾರಸ್ಥರೂ ಸಹಿ ಹಾಕಿ ಅದರ ಒಂದು ಪ್ರತಿಯನ್ನು ಶಾಸಕರಿಗೆ, ಒಂದನ್ನು ಲೋಕಸಭಾ ಸದಸ್ಯರಿಗೆ ಕೈಯಾರೆ ಮುಟ್ಟಿಸಿ, ಪೋಚು ತಕ್ಕೊಂಡು ಬನ್ನಿರಿ.